ನೆಟ್ ಪದೇ ಪದೇ ಕಡಿಯುತ್ತಿದೆ: ಕಾರ್ಡ್ ಹೋಗಿದೆಯಾ, ಡ್ರೈವರ್ ಕೆಟ್ಟಿದೆಯಾ?

ಓದುಗರ ಪ್ರಶ್ನೆ: "ಸರ್, ನನ್ನ ಡೆಸ್ಕ್‌ಟಾಪ್‌ಗೆ ನಾಲ್ಕು ವರ್ಷ. ವಿಂಡೋಸ್ 11 ಇದೆ. ಪಕ್ಕದ ಕೋಣೆಯ ರೌಟರ್‌ನಿಂದ ಬಾಗಿಲ ಕೆಳಗೆ ಹಾಯಿಸಿ ಕೇಬಲ್ ಎಳೆದಿದ್ದೇನೆ. ಎರಡು ತಿಂಗಳಿಂದ ದಿನಕ್ಕೆ ಎಂಟು ಹತ್ತು ಸಲ ನೆಟ್ ಕಡಿಯುತ್ತದೆ, ಐದಾರು ಸೆಕೆಂಡಿಗೆ ತಾನೇ ಬರುತ್ತದೆ. ಕೆಲವು ದಿನ ಬೆಳಿಗ್ಗೆ ಆನ್ ಮಾಡಿದರೆ ನೆಟ್‌ವರ್ಕ್ ಕಾರ್ಡೇ ಕಾಣುವುದಿಲ್ಲ. ರಾತ್ರಿ ಸರಿಯಾಗಿ ಶಟ್‌ಡೌನ್ ಮಾಡಿಯೇ ಮಲಗುತ್ತೇನೆ. ರೀಸ್ಟಾರ್ಟ್ ಮಾಡಿದರೆ ಬರುತ್ತದೆ. ಬೇಸತ್ತು ಯುಎಸ್‌ಬಿ ವೈಫೈ ಅಡಾಪ್ಟರ್ ತಂದೆ. ಒಂದು ತಿಂಗಳು ಚೆನ್ನಾಗಿತ್ತು, ಈಗ ಅದೂ ಮಾಯವಾಗುತ್ತದೆ. ಕಿತ್ತು ಮತ್ತೆ ಚುಚ್ಚಬೇಕು. ಮೊಬೈಲ್‌ನಲ್ಲಿ ಮಾತ್ರ ಅದೇ ವೈಫೈ ಒಂದು ಸಲವೂ ಕೈಕೊಟ್ಟಿಲ್ಲ. ಡ್ರೈವರ್ ಅಪ್‌ಡೇಟ್ ಮಾಡುವ ಒಂದು ಸಾಫ್ಟ್‌ವೇರ್ ಹಾಕಿದೆ. 17 ಡ್ರೈವರ್ ಹಳೆಯದು ಅಂತ ತೋರಿಸಿತು, ಎಲ್ಲವನ್ನೂ ಅಪ್‌ಡೇಟ್ ಮಾಡಿದೆ. ಆಮೇಲೆ ತೊಂದರೆ ಜಾಸ್ತಿಯೇ ಆಗಿದೆ. ರಿಪೇರಿಯವರು 'ಕಾರ್ಡ್ ಮದರ್‌ಬೋರ್ಡ್‌ನಲ್ಲೇ ಇರೋದು, ಬೋರ್ಡೇ ಬದಲಿಸಬೇಕು, ಇಲ್ಲಾಂದ್ರೆ ಒಮ್ಮೆ ಫಾರ್ಮ್ಯಾಟ್ ಮಾಡಿ ನೋಡೋಣ' ಅಂತಾರೆ. ಏನು ಮಾಡಲಿ?"

ಉತ್ತರ: ಸದ್ಯಕ್ಕೆ ಬೋರ್ಡ್ ಬದಲಿಸಬೇಡಿ, ಫಾರ್ಮ್ಯಾಟೂ ಮಾಡಿಸಬೇಡಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಒಂದು ತೊಂದರೆ ಅಂದುಕೊಂಡಿದ್ದೀರಿ, ನನಗೆ ಮೂರು ಕಾಣುತ್ತಿವೆ. ಹಗಲಲ್ಲಿ ಐದಾರು ಸೆಕೆಂಡು ಕಡಿದು ತಾನೇ ಬರುವುದು ಒಂದು. ಬೆಳಿಗ್ಗೆ ಕಾರ್ಡೇ ಕಾಣದಿರುವುದು ಇನ್ನೊಂದು. ಯುಎಸ್‌ಬಿ ಅಡಾಪ್ಟರ್ ಮಾಯವಾಗುವುದು ಮತ್ತೊಂದು. ಮೂರೂ ಸೇರಿ 'ನೆಟ್ ಸರಿ ಇಲ್ಲ' ಅಂತ ಕಾಣುತ್ತಿದೆ ಅಷ್ಟೆ. ಮೂರಕ್ಕೂ ಒಂದೇ ಕಾರಣ ಹುಡುಕಲು ಹೋದರೆ ಮದರ್‌ಬೋರ್ಡ್ ಹತ್ತಿರವೇ ಬಂದು ನಿಲ್ಲುತ್ತೀರಿ, ಯಾಕೆಂದರೆ ಎಲ್ಲವೂ ಅದಕ್ಕೇ ತಾಗಿಕೊಂಡಿವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ.

ಮೊದಲು ಮೊಬೈಲ್ ವಿಷಯ. ಮೊಬೈಲ್‌ನಲ್ಲಿ ಸರಿಯಾಗಿದೆ, ಹಾಗಾಗಿ ಕಂಪ್ಯೂಟರ್‌ದೇ ದೋಷ ಅನ್ನುವ ಲೆಕ್ಕ ಅರ್ಧ ಮಾತ್ರ ಸರಿ. ಮೊಬೈಲ್ ನಿಮ್ಮ ಕೇಬಲನ್ನು ಮುಟ್ಟುವುದೇ ಇಲ್ಲ. ರೌಟರ್‌ನ ಹಿಂದೆ ಕೇಬಲ್ ಚುಚ್ಚುವ ಲ್ಯಾನ್ ಪೋರ್ಟನ್ನೂ ಮುಟ್ಟುವುದಿಲ್ಲ. ಅವೆರಡರಲ್ಲಿ ಒಂದು ಕೆಟ್ಟಿದ್ದರೂ ಮೊಬೈಲ್‌ಗೆ ಗೊತ್ತಾಗುವುದಿಲ್ಲ. ಸಾಲದ್ದಕ್ಕೆ, ವೈಫೈ ಸ್ವಲ್ಪ ತಡವರಿಸಿದರೆ ಎಷ್ಟೋ ಮೊಬೈಲ್‌ಗಳು ಸದ್ದಿಲ್ಲದೆ ಸಿಮ್‌ನ ಡೇಟಾಗೆ ಹಾರುತ್ತವೆ. ವಿಡಿಯೊ ನೋಡುತ್ತಿದ್ದರಂತೂ ಮುಂದಿನ ಅರ್ಧ ನಿಮಿಷದ್ದು ಮೊದಲೇ ಇಳಿದಿರುತ್ತದೆ. ಐದು ಸೆಕೆಂಡಿನ ಕಡಿತ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಒಂದು ದಿನ ಮೊಬೈಲ್ ಡೇಟಾ ಆಫ್ ಮಾಡಿ ಬಳಸಿ ನೋಡಿ, ಆಮೇಲೆ ಅದಕ್ಕೆ ಸರ್ಟಿಫಿಕೇಟ್ ಕೊಡೋಣ.

ಎಲ್ಲಿ ಕಡಿಯುತ್ತಿದೆ ಅಂತ ಮೊದಲು ನೋಡಿ

ಏನನ್ನಾದರೂ ಬದಲಿಸುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಸುಮ್ನೆ ಕೂತು ನೋಡುವುದು. ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ, ಅಂದರೆ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಅದರಲ್ಲಿ ಐಪಿಕಾನ್ಫಿಗ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ 'ಡಿಫಾಲ್ಟ್ ಗೇಟ್‌ವೇ' ಅಂತ ಒಂದು ಅಂಕಿ ಬರುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು 192.168.1.1 ಅಥವಾ 192.168.0.1. ಅದು ನಿಮ್ಮ ರೌಟರ್‌ನ ವಿಳಾಸ. ಈಗ ಪಿಂಗ್ ಎಂದು ಬರೆದು, ಜಾಗ ಬಿಟ್ಟು ಆ ವಿಳಾಸ ಬರೆದು, ಮತ್ತೆ ಜಾಗ ಬಿಟ್ಟು ಒಂದು ಅಡ್ಡಗೆರೆ (ಹೈಫನ್) ಮತ್ತು ಅದಕ್ಕೆ ಅಂಟಿಸಿ ಇಂಗ್ಲಿಷ್‌ನ ಟಿ ಅಕ್ಷರ ಹಾಕಿ. ನೀವು ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ ನಿಲ್ಲಿಸುವ ತನಕ ಅದು ಸೆಕೆಂಡಿಗೊಮ್ಮೆ ರೌಟರನ್ನು ಕೂಗುತ್ತಲೇ ಇರುತ್ತದೆ. ಪಕ್ಕದಲ್ಲಿ ಇನ್ನೊಂದು ಕಿಟಕಿ ತೆರೆದು 8.8.8.8 ಗೆ ಇದೇ ರೀತಿ ಪಿಂಗ್ ಹಾಕಿ. ಇದು ಗೂಗಲ್‌ನ ಸರ್ವರ್, ಅಂದರೆ ಮನೆಯ ಹೊರಗಿನ ಜಗತ್ತು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನಿಮ್ಮ ಕೆಲಸ ಮಾಡಿಕೊಳ್ಳಿ.

ನೆಟ್ ಕಡಿದ ಕ್ಷಣ ಆ ಎರಡು ಕಿಟಕಿ ನೋಡಿ. ರೌಟರ್ ಉತ್ತರ ಕೊಡುತ್ತಿದೆ, ಹೊರಗಿನದು ಮಾತ್ರ ನಿಂತಿದೆ ಅಂದರೆ ನಿಮ್ಮ ಕಾರ್ಡ್, ಅದನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್, ಕೇಬಲ್ ಎಲ್ಲವೂ ನಿರಪರಾಧಿಗಳು. ತೊಂದರೆ ರೌಟರ್‌ನಿಂದ ಆಚೆಗಿದೆ. ಎರಡೂ ಒಟ್ಟಿಗೆ ನಿಂತರೆ ಕಂಪ್ಯೂಟರ್ ಮತ್ತು ರೌಟರ್ ನಡುವೆ ಏನೋ ಆಗಿದೆ. ಎರಡೂ ಓಡುತ್ತಿವೆ, ಆದರೂ ಬ್ರೌಸರ್‌ನಲ್ಲಿ ಪುಟ ತೆರೆಯುತ್ತಿಲ್ಲ ಅಂದರೆ ಹೆಸರನ್ನು ವಿಳಾಸ ಮಾಡಿಕೊಡುವ ಡಿಎನ್‌ಎಸ್ ಮೇಲೆ ಅನುಮಾನ ಪಡಬೇಕು. ಉತ್ತರ ಬರದಿದ್ದಾಗ ಏನು ಬರೆದು ಬರುತ್ತದೆ ಅನ್ನುವುದನ್ನೂ ಗಮನಿಸಿ. 'ರಿಕ್ವೆಸ್ಟ್ ಟೈಮ್ಡ್ ಔಟ್' ಅಂದರೆ ಕೂಗಿದ್ದೇನೋ ಆಯ್ತು, ಉತ್ತರ ಬರಲಿಲ್ಲ ಅಂತ. 'ಜನರಲ್ ಫೇಲ್ಯೂರ್' ಅಂದರೆ ಕೂಗಲೂ ಆಗಲಿಲ್ಲ, ಬಾಯೇ ಕಟ್ಟಿತ್ತು ಅಂತ. ಎರಡನೆಯದು ಬಂದರೆ ಲಿಂಕೇ ಬಿದ್ದಿದೆ, ಅಥವಾ ಕಾರ್ಡ್ ಇಲ್ಲವೇ ಡ್ರೈವರ್ ಎಡವಿದೆ.

ನಿಮ್ಮ ವಿವರ ನೋಡಿದರೆ ಹಗಲಿನ ಕಡಿತದಲ್ಲಿ ಎರಡೂ ಕಿಟಕಿ ಒಟ್ಟಿಗೆ ನಿಲ್ಲುತ್ತವೆ ಅಂತಲೇ ನನ್ನ ಅಂದಾಜು. ಹಾಗಾದರೆ ನಾನು ಮೊದಲು ನೋಡುವುದು ಕಾರ್ಡನ್ನಲ್ಲ, ಬಾಗಿಲ ಕೆಳಗಿನ ಆ ಕೇಬಲನ್ನು.

ಬಾಗಿಲ ಕೆಳಗಿನ ಕೇಬಲ್

ಲ್ಯಾನ್ ಕೇಬಲ್ ಒಳಗೆ ಎಂಟು ತೆಳು ತಂತಿಗಳಿರುತ್ತವೆ. ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿ. 100 ಎಂಬಿಪಿಎಸ್ ವೇಗಕ್ಕೆ ಎರಡು ಜೋಡಿ ಸಾಕು. 1000 ಎಂಬಿಪಿಎಸ್, ಅಂದರೆ ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು. ಈ ಒಂದು ಸಂಗತಿ ಗೊತ್ತಿದ್ದರೆ ಅರ್ಧ ಪತ್ತೇದಾರಿಕೆ ಮುಗಿದ ಹಾಗೆ. ವಿಂಡೋಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ನೆಟ್‌ವರ್ಕ್ ಭಾಗದಲ್ಲಿ ಈಥರ್ನೆಟ್ ಒತ್ತಿ. 'ಲಿಂಕ್ ಸ್ಪೀಡ್' ಎಷ್ಟಿದೆ ನೋಡಿ. ನಿಮ್ಮ ಬೋರ್ಡ್ ನಾಲ್ಕು ವರ್ಷದ್ದು, ಹಾಗಾಗಿ ಬಹುಮಟ್ಟಿಗೆ ಗಿಗಾಬಿಟ್ ಪೋರ್ಟೇ ಇರುತ್ತದೆ. ರೌಟರ್‌ನ ಪೋರ್ಟೂ ಗಿಗಾಬಿಟ್‌ದೇ ಆಗಿದ್ದು, ಅಲ್ಲಿ ಮಾತ್ರ 100 ಅಂತ ತೋರಿಸುತ್ತಿದ್ದರೆ ಒಂದು ಜೋಡಿಯಲ್ಲಿ ಎಲ್ಲೋ ತಂತಿ ಕಡಿದಿದೆ ಅಥವಾ ತುದಿಯ ಪ್ಲಗ್ಗಿನಲ್ಲಿ ಸರಿಯಾಗಿ ಕೂತಿಲ್ಲ. ಒಮ್ಮೆ 1000, ಇನ್ನೊಮ್ಮೆ 100 ಅಂತ ಬದಲಾಗುತ್ತಿದ್ದರೆ ತಂತಿ ಇನ್ನೂ ಪೂರ್ತಿ ಕಡಿದಿಲ್ಲ, ಕಡಿಯುವ ಹಂತದಲ್ಲಿದೆ.

ಹೀಗೆ ಅರೆಕಡಿದ ತಂತಿ ಪೂರ್ತಿ ಕಡಿದದ್ದಕ್ಕಿಂತ ಜಾಸ್ತಿ ಕಾಡುತ್ತದೆ. ಬಾಗಿಲು ತಾಗಿದಾಗ, ಕುರ್ಚಿಯ ಚಕ್ರ ಮೇಲೆ ಹಾದಾಗ, ಯಾರಾದರೂ ಕಾಲಲ್ಲಿ ಎಳೆದಾಗ ಒಂದು ಕ್ಷಣ ಸಂಪರ್ಕ ತಪ್ಪುತ್ತದೆ. ಕಾರ್ಡ್ ಮತ್ತು ರೌಟರ್ ಮತ್ತೆ 'ಎಷ್ಟು ವೇಗದಲ್ಲಿ ಮಾತಾಡೋಣ' ಅಂತ ಮೊದಲಿಂದ ಒಪ್ಪಂದ ಮಾಡಿಕೊಳ್ಳಬೇಕು. ಆ ಮಾತುಕತೆಗೇ ಕೆಲವು ಸೆಕೆಂಡು ಹಿಡಿಯುತ್ತದೆ. ನಿಮ್ಮ ಐದಾರು ಸೆಕೆಂಡು ಅದೇ ಇರಬಹುದು. ಪರೀಕ್ಷೆ ಸುಲಭ. ಪಿಂಗ್ ಓಡುತ್ತಿರುವಾಗ ಒಬ್ಬರು ಪರದೆ ನೋಡಲಿ, ಇನ್ನೊಬ್ಬರು ಕೇಬಲನ್ನು ಒಂದು ತುದಿಯಿಂದ ಗೇಣು ಗೇಣಾಗಿ ಮೆಲ್ಲಗೆ ಬಗ್ಗಿಸುತ್ತಾ ಹೋಗಲಿ. ಬಾಗಿಲ ಹತ್ತಿರ ಬಂದಾಗ ಪರದೆ ಮೇಲೆ ಉತ್ತರ ನಿಂತಿತು ಅಂದರೆ ಕಳ್ಳ ಸಿಕ್ಕಿದ. ಪ್ಲಗ್ಗಿನ ಪ್ಲಾಸ್ಟಿಕ್ ನಾಲಿಗೆಯನ್ನೂ ನೋಡಿ. ಅದು ಮುರಿದಿದ್ದರೆ ಪ್ಲಗ್ ಒಳಗಿದ್ದ ಹಾಗೆ ಕಾಣುತ್ತದೆ, ಹಿಡಿದುಕೊಂಡಿರುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಈ ಕೆಲಸ ಶುರು ಮಾಡಿದ ಹೊಸತರಲ್ಲಿ ಒಬ್ಬರ ಮನೆಯಲ್ಲಿ ಇದೇ ತೊಂದರೆಗೆ ನಾನು ಎರಡು ಸಲ ಕಾರ್ಡ್ ಬದಲಿಸಿದೆ. ಎರಡು ಸಲವೂ ಮೂರು ದಿನ ಸರಿ ಇತ್ತು, ಮತ್ತೆ ಶುರುವಾಯಿತು. ಮೂರನೇ ಸಲ ಹೋದಾಗ ಅವರ ಪುಟ್ಟ ಮಗಳು, "ಬೀರು ಬಾಗಿಲು ತೆಗೆದಾಗಲೇ ನೆಟ್ ಹೋಗೋದು ಅಂಕಲ್" ಅಂದಳು. ಕೇಬಲ್ ಬೀರುವಿನ ಕಾಲಿನ ಕೆಳಗೆ ಸಿಕ್ಕಿಕೊಂಡಿತ್ತು. ಎರಡು ಸಲವೂ ಕಾರ್ಡ್ ಹಾಕುವಾಗ ನಾನು ಕೇಬಲನ್ನು ಅಲುಗಾಡಿಸಿದ್ದೆ, ಅದಕ್ಕೇ ಮೂರು ದಿನ ಸರಿ ಇದ್ದದ್ದು.

ಆದ್ದರಿಂದ ಮೊದಲ ಹೆಜ್ಜೆ ಇಷ್ಟೇ. ಚೆನ್ನಾಗಿದೆ ಅಂತ ಖಾತ್ರಿ ಇರುವ ಬೇರೊಂದು ಕೇಬಲನ್ನು ಬಾಗಿಲ ಕೆಳಗೆ ಹಾಯಿಸದೆ ನೆಲದ ಮೇಲೆ ಸಡಿಲವಾಗಿ ಹರಡಿ, ರೌಟರ್‌ನ ಬೇರೆ ಪೋರ್ಟಿಗೆ ಚುಚ್ಚಿ ಎರಡು ದಿನ ಬಳಸಿ. ಬೇರೆ ಏನನ್ನೂ ಮುಟ್ಟಬೇಡಿ. ಒಟ್ಟಿಗೆ ನಾಲ್ಕು ಬದಲಾವಣೆ ಮಾಡಿ ಸರಿಹೋದರೆ ಯಾವುದರಿಂದ ಸರಿಹೋಯಿತು ಅಂತ ನಿಮಗೂ ಗೊತ್ತಾಗುವುದಿಲ್ಲ, ಮುಂದಿನ ಸಲ ಬರುವ ನನಗೂ ಗೊತ್ತಾಗುವುದಿಲ್ಲ.

ಹೊಸ ಕೇಬಲ್‌ನಲ್ಲೂ ಕಡಿದರೆ ಆಗ ಕಾರ್ಡ್‌ನ ಉಳಿತಾಯ ಬುದ್ಧಿಯನ್ನು ವಿಚಾರಿಸಬೇಕು. 2010ರಲ್ಲಿ ಎನರ್ಜಿ ಎಫಿಶಿಯಂಟ್ ಈಥರ್ನೆಟ್ ಅನ್ನುವ ಮಾನದಂಡ ಬಂತು. ತಂತಿಯ ಮೇಲೆ ಮಾತಿಲ್ಲದಾಗ ಎರಡೂ ತುದಿ ಅರೆನಿದ್ದೆಗೆ ಜಾರಿ ವಿದ್ಯುತ್ ಉಳಿಸುತ್ತವೆ. ಆಲೋಚನೆ ಒಳ್ಳೆಯದೇ. ಆದರೆ ಒಂದು ತುದಿಯ ನಿದ್ದೆ ಇನ್ನೊಂದು ತುದಿಗೆ ಸರಿಹೊಂದದಿದ್ದರೆ ಲಿಂಕ್ ಬೀಳುತ್ತದೆ. ಕಂಪ್ಯೂಟರ್‌ನ ಎಲ್ಲ ಭಾಗಗಳ ಪಟ್ಟಿ ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ನಿಮ್ಮ ಲ್ಯಾನ್ ಕಾರ್ಡ್ ತೆರೆದು 'ಅಡ್ವಾನ್ಸ್‌ಡ್' ಪುಟದಲ್ಲಿ ಇದನ್ನು, ಜೊತೆಗೆ 'ಗ್ರೀನ್ ಈಥರ್ನೆಟ್' ಅಂತ ಇದ್ದರೆ ಅದನ್ನೂ, ಡಿಸೇಬಲ್ ಮಾಡಿ. ಅಪಾಯ ಏನೂ ಇಲ್ಲ, ಚೂರು ವಿದ್ಯುತ್ ಜಾಸ್ತಿ ಹೋಗುತ್ತದೆ. ಅದೇ ಪುಟದಲ್ಲಿರುವ 'ಸ್ಪೀಡ್ ಆಂಡ್ ಡ್ಯುಪ್ಲೆಕ್ಸ್' ಮಾತ್ರ ಆಟೋದಲ್ಲೇ ಇರಲಿ. ಅದನ್ನು 100 ಫುಲ್‌ಗೆ ಕಟ್ಟಿಹಾಕಿದರೆ ಸರಿಹೋಗುತ್ತದೆ ಅಂತ ಹೇಳುವವರಿದ್ದಾರೆ. ಕೆಲವು ಸಲ ಹೋಗುತ್ತದೆ ಕೂಡ, ಯಾಕೆಂದರೆ ಕೆಟ್ಟ ಜೋಡಿಯ ಗೊಡವೆ ಬಿಟ್ಟು ಎರಡೇ ಜೋಡಿಯಲ್ಲಿ ಓಡುತ್ತದೆ. ಆದರೆ ಒಂದು ತುದಿ ಕಟ್ಟಿಹಾಕಿ ಇನ್ನೊಂದು ಆಟೋದಲ್ಲಿದ್ದರೆ ಆ ಇನ್ನೊಂದು ತುದಿ ಹಾಫ್ ಡ್ಯುಪ್ಲೆಕ್ಸ್‌ಗೆ, ಅಂದರೆ ಒಂದು ಹೊತ್ತಿಗೆ ಮಾತಾಡುವುದು ಇಲ್ಲವೇ ಕೇಳುವುದು ಮಾತ್ರ ಮಾಡುವ ಸ್ಥಿತಿಗೆ, ಇಳಿಯಬಹುದು. ಆಗ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡಿ ನೆಟ್ ತೆವಳುತ್ತದೆ. ಕಡಿತ ಹೋಗಿ ಆಮೆಗತಿ ಬಂತು ಅಂತ ಇನ್ನೊಂದು ಪತ್ರ ಬರೆಯುತ್ತೀರಿ.

ಶಟ್‌ಡೌನ್ ಅಂದರೆ ಪೂರ್ತಿ ಶಟ್‌ಡೌನ್ ಅಲ್ಲ

ಬೆಳಗಿನ ತೊಂದರೆಯಲ್ಲಿ ನೀವೇ ಒಂದು ಮುಖ್ಯ ಸುಳಿವು ಕೊಟ್ಟಿದ್ದೀರಿ. ಶಟ್‌ಡೌನ್ ಮಾಡಿ ಆನ್ ಮಾಡಿದರೆ ಕಾರ್ಡ್ ಇಲ್ಲ, ರೀಸ್ಟಾರ್ಟ್ ಮಾಡಿದರೆ ಇದೆ. ಎರಡೂ ಒಂದೇ ಅಲ್ವಾ ಅಂತ ಅನಿಸುತ್ತದೆ. ಅಲ್ಲ.

ವಿಂಡೋಸ್ 8 ಬಂದಾಗ, 2012ರಲ್ಲಿ, ಫಾಸ್ಟ್ ಸ್ಟಾರ್ಟಪ್ ಅನ್ನುವುದು ಬಂತು. ಇದು ಆನ್ ಇದ್ದರೆ ನೀವು ಶಟ್‌ಡೌನ್ ಒತ್ತಿದಾಗ ನಿಮ್ಮ ಪ್ರೋಗ್ರಾಮ್‌ಗಳು ಮುಚ್ಚುತ್ತವೆ, ಆದರೆ ವಿಂಡೋಸ್‌ನ ಒಳತಿರುಳು ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕ್‌ನಲ್ಲಿ ಹಾಗೇ ಬರೆದಿಟ್ಟಿರುತ್ತದೆ. ಬೆಳಿಗ್ಗೆ ಅದನ್ನೇ ಮತ್ತೆ ಎತ್ತಿಕೊಳ್ಳುತ್ತದೆ. ಬೇಗ ಆನ್ ಆಗುವುದು ಅದಕ್ಕೇ. ರಾತ್ರಿ ಡ್ರೈವರ್ ಗೊಂದಲದಲ್ಲಿದ್ದರೆ ಬೆಳಿಗ್ಗೆ ಅದೇ ಗೊಂದಲದಲ್ಲಿ ಏಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಮೊದಲಿಂದ ಶುರುವಾಗುತ್ತದೆ. "ಆಫ್ ಮಾಡಿ ಆನ್ ಮಾಡಿದ್ರಾ?" ಅಂತ ಕೇಳುವ ಕಾಲ ಹೋಯಿತು, ಈಗ ನಾನು "ರೀಸ್ಟಾರ್ಟ್ ಮಾಡಿದ್ರಾ?" ಅಂತಲೇ ಕೇಳುತ್ತೇನೆ.

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್ ಒಳಗೆ, ಪವರ್ ಬಟನ್ ಏನು ಮಾಡಬೇಕು ಅಂತ ಆರಿಸುವ ಪುಟದಲ್ಲಿ ಇದರ ಗುರುತು ತೆಗೆಯಬಹುದು. ಒಂದು ವಾರ ತೆಗೆದಿಟ್ಟು ನೋಡಿ. ಕಂಪ್ಯೂಟರ್ ಆನ್ ಆಗುವುದು ಸ್ವಲ್ಪ ತಡವಾಗುತ್ತದೆ, ಅಷ್ಟೆ ನಷ್ಟ. ಅಷ್ಟೂ ಬೇಡ ಅಂದರೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಒತ್ತಿ. ಆ ಒಂದು ಸಲಕ್ಕೆ ಪೂರ್ತಿ ಶಟ್‌ಡೌನ್ ಆಗುತ್ತದೆ.

ಇನ್ನೊಂದು ವಿಚಾರ ಅನೇಕರಿಗೆ ಗೊತ್ತಿಲ್ಲ. ಕಂಪ್ಯೂಟರ್ ಆಫ್ ಆಗಿದ್ದರೂ ಲ್ಯಾನ್ ಕಾರ್ಡ್ ಸಾಮಾನ್ಯವಾಗಿ ಆಫ್ ಆಗಿರುವುದಿಲ್ಲ. ರಾತ್ರಿ ದೀಪ ಆರಿಸಿ ಕ್ಯಾಬಿನೆಟ್‌ನ ಹಿಂದೆ ಬಗ್ಗಿ ನೋಡಿ, ಪೋರ್ಟಿನ ಪುಟ್ಟ ದೀಪ ಮಿನುಗುತ್ತಿರಬಹುದು. ದೂರದಿಂದ ನೆಟ್‌ವರ್ಕ್ ಮೂಲಕ ಕಂಪ್ಯೂಟರನ್ನು ಎಬ್ಬಿಸುವ ಸೌಲಭ್ಯಕ್ಕಾಗಿ ಅದಕ್ಕೆ ಸದಾ ಸ್ವಲ್ಪ ವಿದ್ಯುತ್ ಹೋಗುತ್ತಿರುತ್ತದೆ. ಹಾಗಾಗಿ ಕಾರ್ಡ್‌ನ ಚಿಪ್ ಒಳಗೇ ಏನಾದರೂ ಸಿಕ್ಕಿಕೊಂಡಿದ್ದರೆ ರೀಸ್ಟಾರ್ಟ್‌ನಿಂದಲೂ ಬಿಡಿಸಿಕೊಳ್ಳುವುದಿಲ್ಲ. ಆಗ ಶಟ್‌ಡೌನ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಖಾಲಿಯಾಗಿ ಪೋರ್ಟಿನ ದೀಪ ಆರುತ್ತದೆ. ಒಂದು ನಿಮಿಷ ಬಿಟ್ಟು ಪ್ಲಗ್ ಹಾಕಿ. 'ಸತ್ತಿದೆ' ಅಂತ ಷರಾ ಬರೆದ ಎಷ್ಟೋ ಕಾರ್ಡ್‌ಗಳು ಇಷ್ಟರಿಂದಲೇ ಎದ್ದು ಕೂತದ್ದನ್ನು ನೋಡಿದ್ದೇನೆ.

17 ಹಳೆಯ ಡ್ರೈವರ್‌ಗಳ ಕಥೆ

ಡ್ರೈವರ್ ಅಂದರೆ ವಿಂಡೋಸ್‌ಗೂ ಕಾರ್ಡ್‌ಗೂ ನಡುವೆ ಕೂತ ದುಭಾಷಿ. ದುಭಾಷಿ ಹೊಸಬನೋ ಹಳಬನೋ ಅನ್ನುವುದಕ್ಕಿಂತ ಆ ಎರಡು ಭಾಷೆ ಅವನಿಗೆ ಬರುತ್ತದೋ ಇಲ್ಲವೋ ಅನ್ನುವುದು ಮುಖ್ಯ. ಮೂರು ವರ್ಷದ ಹಿಂದಿನ ಡ್ರೈವರ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಅದು 'ಹಳೆಯದು' ಅಲ್ಲ, ಪಳಗಿದ್ದು. ಹೊಸದು ಹಾಕಲು ಎರಡೇ ಕಾರಣ. ಸುರಕ್ಷತೆಯ ತೂತು ಮುಚ್ಚಿರಬೇಕು, ಇಲ್ಲ ನಿಮಗಿರುವ ತೊಂದರೆಯನ್ನೇ ಸರಿ ಮಾಡಿದ್ದೇವೆ ಅಂತ ತಯಾರಕರು ಹೇಳಿರಬೇಕು.

ನೀವು ಹಾಕಿದ ಸಾಫ್ಟ್‌ವೇರ್ ಥರದವು ಬೇಕಾದಷ್ಟಿವೆ. '17 ಹಳೆಯದು' ಅಂತ ಕೆಂಪಕ್ಷರದಲ್ಲಿ ಹೆದರಿಸುವುದು ಅವುಗಳ ವ್ಯಾಪಾರ. ಅವು ಹೆಸರು, ಅಂಕಿ ಹೋಲಿಸಿ ಡ್ರೈವರ್ ಆರಿಸುತ್ತವೆ. ನಿಮ್ಮ ಬೋರ್ಡ್‌ಗೆ ತಯಾರಕರು ಹೊಂದಿಸಿದ್ದೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಆ ಸಾಫ್ಟ್‌ವೇರ್‌ನಲ್ಲಿ ಹಳೆಯದಕ್ಕೆ ಮರಳುವ ದಾರಿ ಇದ್ದರೆ ಬರೀ ನೆಟ್‌ವರ್ಕ್ ಡ್ರೈವರನ್ನು ಹಿಂದಕ್ಕೆ ತನ್ನಿ, ಆಮೇಲೆ ಆ ಸಾಫ್ಟ್‌ವೇರನ್ನೇ ಕಂಪ್ಯೂಟರ್‌ನಿಂದ ತೆಗೆದುಹಾಕಿ.

ಸರಿಯಾದ ಡ್ರೈವರ್ ಹುಡುಕಲು ಪೆಟ್ಟಿಗೆಯ ಮೇಲಿನ ಬ್ರಾಂಡ್ ಹೆಸರು ನಂಬಬೇಡಿ. ಬ್ರಾಂಡ್ ಒಬ್ಬರದು, ಒಳಗಿನ ಚಿಪ್ ಇನ್ನೊಬ್ಬರದು. ಯುಎಸ್‌ಬಿ ಅಡಾಪ್ಟರ್‌ಗಳಲ್ಲಂತೂ ಒಂದೇ ಮಾಡೆಲ್ ಹೆಸರಿನ ಮೊದಲ ಆವೃತ್ತಿಗೆ ಒಂದು ಚಿಪ್, ಎರಡನೆಯದಕ್ಕೆ ಬೇರೆಯೇ ಚಿಪ್ ಇರುವುದುಂಟು. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್‌ನ 'ಡೀಟೇಲ್ಸ್' ಪುಟಕ್ಕೆ ಹೋಗಿ 'ಹಾರ್ಡ್‌ವೇರ್ ಐಡಿಸ್' ಆರಿಸಿ. ಬೋರ್ಡ್‌ನ ಕಾರ್ಡ್ ಆದರೆ ವಿ, ಇ, ಎನ್ ಅಕ್ಷರಗಳ ಮುಂದೆ ನಾಲ್ಕು ಅಂಕಿ ಅಕ್ಷರಗಳು ಇರುತ್ತವೆ. 8086 ಅಂದರೆ ಇಂಟೆಲ್ ಚಿಪ್. 10ಇಸಿ ಅಂದರೆ ರಿಯಲ್‌ಟೆಕ್. 14ಸಿ3 ಅಂದರೆ ಮೀಡಿಯಾಟೆಕ್. ಯುಎಸ್‌ಬಿಯಲ್ಲಿ 0ಬಿಡಿಎ ಕಂಡರೆ ಅದೂ ರಿಯಲ್‌ಟೆಕ್. ಇದು ಕಾರ್ಡ್‌ನ ಜಾತಕ, ಸುಳ್ಳು ಹೇಳುವುದು ಅಪರೂಪ. ಮೊದಲು ಮದರ್‌ಬೋರ್ಡ್ ತಯಾರಕರ ಪುಟದಲ್ಲಿ ನಿಮ್ಮ ಬೋರ್ಡ್‌ನ ಹೆಸರಿನ ಕೆಳಗಿರುವ ಲ್ಯಾನ್ ಡ್ರೈವರ್ ನೋಡಿ. ಅಲ್ಲಿಲ್ಲದಿದ್ದರೆ ಚಿಪ್ ತಯಾರಕರ ಪುಟ. ಮೂರನೆಯ ಜಾಗ ಬೇಡ.

ಯುಎಸ್‌ಬಿ ಅಡಾಪ್ಟರ್ ಒಂದು ತಿಂಗಳ ನಂತರ ಕೆಟ್ಟಿತು ಅಂದಿರಿ. ವಿಂಡೋಸ್ ಅಪ್‌ಡೇಟ್‌ನ ಹಿಸ್ಟರಿಯಲ್ಲಿ ಡ್ರೈವರ್‌ಗಳದ್ದೇ ಒಂದು ಪಟ್ಟಿ ದಿನಾಂಕದ ಜೊತೆ ಇರುತ್ತದೆ. ನಿಮ್ಮ ನೆನಪಿನ ದಿನಕ್ಕೂ ಅಲ್ಲಿನ ದಿನಕ್ಕೂ ತಾಳೆಯಾದರೆ ಕಾರ್ಡ್‌ನ 'ಡ್ರೈವರ್' ಪುಟದಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ. ಆ ಗುಂಡಿ ಮಸುಕಾಗಿದ್ದರೆ ಹಿಂದಿನದು ಉಳಿದಿಲ್ಲ ಅಂತ ಅರ್ಥ. ಆಗ ಡಿವೈಸನ್ನೇ ಅನ್‌ಇನ್‌ಸ್ಟಾಲ್ ಮಾಡಿ, ಡ್ರೈವರನ್ನೂ ತೆಗೆಯಬೇಕೆ ಅಂತ ಕೇಳುವ ಚೌಕಕ್ಕೆ ಗುರುತು ಹಾಕಿ, ತಯಾರಕರ ಡ್ರೈವರ್ ಹಾಕಬೇಕು. ಚೌಕಕ್ಕೆ ಗುರುತು ಹಾಕದಿದ್ದರೆ ರೀಸ್ಟಾರ್ಟ್ ಆದ ಕೂಡಲೇ ಅದೇ ಕೆಟ್ಟ ಡ್ರೈವರ್ ಮತ್ತೆ ಬಂದು ಕೂರುತ್ತದೆ.

ಇಲ್ಲಿ ಒಂದು ಹಳ್ಳ ಇದೆ, ಎಷ್ಟೋ ಜನ ಬಿದ್ದಿದ್ದಾರೆ. ಡ್ರೈವರ್ ತೆಗೆದ ಮೇಲೆ ನೆಟ್ ಇರುವುದಿಲ್ಲ. ನೆಟ್ ಇಲ್ಲದೆ ಡ್ರೈವರ್ ಇಳಿಸಲು ಆಗುವುದಿಲ್ಲ. ಆದ್ದರಿಂದ ತೆಗೆಯುವ ಮೊದಲೇ ಬೇಕಾದ ಡ್ರೈವರ್ ಪೆನ್‌ಡ್ರೈವ್‌ನಲ್ಲಿರಲಿ. ಆಗಲೇ ಬಿದ್ದಿದ್ದರೆ ಮೊಬೈಲನ್ನು ಚಾರ್ಜಿಂಗ್ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ, ಮೊಬೈಲ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಂಡ್ರಾಯ್ಡ್ ಫೋನ್ ಆದರೆ ವಿಂಡೋಸ್ 11 ಸಾಮಾನ್ಯವಾಗಿ ಅದನ್ನು ತಾನಾಗಿಯೇ ಗುರುತು ಹಿಡಿದು ನೆಟ್ ಕೊಡುತ್ತದೆ.

'ನೆಟ್‌ವರ್ಕ್ ರೀಸೆಟ್' ಅನ್ನುವ ಗುಂಡಿಯೂ ಸೆಟ್ಟಿಂಗ್ಸ್‌ನಲ್ಲಿ ಇದೆ. ಎಲ್ಲ ಕಾರ್ಡ್‌ಗಳನ್ನೂ ಕಿತ್ತು ಮತ್ತೆ ಕೂರಿಸುತ್ತದೆ. ಹಳೆಯ ಆಂಟಿವೈರಸ್, ವಿಪಿಎನ್ ತೆಗೆದ ಮೇಲೂ ಅವುಗಳ ಪಳೆಯುಳಿಕೆ ಕಾರ್ಡ್‌ಗೆ ಅಂಟಿಕೊಂಡಿದ್ದರೆ ಇದರಿಂದ ಬಿಡುವುದುಂಟು. ಆದರೆ ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು, ವಿಪಿಎನ್ ಸೆಟ್ಟಿಂಗ್ ಹೋಗುತ್ತವೆ. ಮೊದಲೇ ಬರೆದಿಟ್ಟುಕೊಳ್ಳಿ.

ಕಿತ್ತು ಚುಚ್ಚಬೇಕಾದ ಅಡಾಪ್ಟರ್

ಅದು ಮಾಯವಾಗುವ ಕ್ಷಣ ಸ್ಪೀಕರ್ ಆನ್ ಇರಲಿ. ಪೆನ್‌ಡ್ರೈವ್ ಕಿತ್ತಾಗ ವಿಂಡೋಸ್ ಒಂದು ಸದ್ದು ಮಾಡುತ್ತದಲ್ಲ, ಅದೇ ಸದ್ದು ಬಂದರೆ ಕಡಿದದ್ದು ವೈಫೈ ಅಲ್ಲ, ಅಡಾಪ್ಟರೇ ಯುಎಸ್‌ಬಿಯಿಂದ ಕಳಚಿಕೊಂಡಿದೆ. ಸಡಿಲ ಪೋರ್ಟ್, ವಿದ್ಯುತ್ ಸಾಲದಿರುವುದು, ಅಡಾಪ್ಟರ್ ಕಾದು ಬಿಸಿಯಾಗುವುದು, ಇಲ್ಲ ಉಳಿತಾಯಕ್ಕಾಗಿ ವಿಂಡೋಸೇ ಅದನ್ನು ಮಲಗಿಸಿ ಅದು ಏಳದಿರುವುದು, ಇವುಗಳಲ್ಲಿ ಒಂದು. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರ್‌ನ 'ಪವರ್ ಮ್ಯಾನೇಜ್‌ಮೆಂಟ್' ಪುಟ ಇದ್ದರೆ, ಉಳಿತಾಯಕ್ಕಾಗಿ ಇದನ್ನು ಆಫ್ ಮಾಡಬಹುದು ಅನ್ನುವ ಸಾಲಿನ ಗುರುತು ತೆಗೆಯಿರಿ. ಪವರ್ ಆಪ್ಷನ್ಸ್‌ನಲ್ಲಿ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಕಂಡರೆ ಅದನ್ನೂ ಡಿಸೇಬಲ್ ಮಾಡಿ.

ಸದ್ದು ಬರದೆ ಬರೀ ಸಿಗ್ನಲ್ ಹೋಗುತ್ತಿದ್ದರೆ ಅಡಾಪ್ಟರ್ ಎಲ್ಲಿ ಕೂತಿದೆ ನೋಡಿ. ಕ್ಯಾಬಿನೆಟ್‌ನ ಹಿಂದೆ ಅಂದರೆ ಒಂದು ಕಡೆ ತಗಡು, ಇನ್ನೊಂದು ಕಡೆ ಗೋಡೆ. ಜೊತೆಗೆ ಪಕ್ಕದ ಯುಎಸ್‌ಬಿ 3 ಪೋರ್ಟಿನಲ್ಲಿ ಹಾರ್ಡ್‌ಡಿಸ್ಕ್ ಓಡುತ್ತಿದ್ದರೆ ಅದು ಸೂಸುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ವೈಫೈಗೆ ಅಡ್ಡ ಬರುತ್ತದೆ. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅಡಾಪ್ಟರನ್ನು ಮೇಜಿನ ಮೇಲೆ ತನ್ನಿ. ಆಗುವುದಾದರೆ 5 ಗಿಗಾಹರ್ಟ್ಸ್‌ನ ವೈಫೈ ಹೆಸರಿಗೆ ಜೋಡಿಸಿ. ಗೋಡೆ ದಾಟುವ ಶಕ್ತಿ ಅದಕ್ಕೆ ಕಡಿಮೆ, ಆದರೆ ಗದ್ದಲವೂ ಕಡಿಮೆ.

ನಿಜವಾಗಿಯೂ ಕಾರ್ಡ್ ಹೋಗಿದ್ದರೆ

ಇಷ್ಟೆಲ್ಲ ಮಾಡಿಯೂ ಬೆಳಗಿನ ತೊಂದರೆ ಉಳಿದರೆ ಕಾರ್ಡೋ ವಿಂಡೋಸೋ ಅಂತ ಬೇರ್ಪಡಿಸುವ ಒಂದು ಪರೀಕ್ಷೆ ಇದೆ. ಫಾರ್ಮ್ಯಾಟ್‌ಗಿಂತ ಸಾವಿರ ಪಾಲು ವಾಸಿ. ಉಬುಂಟು ಥರದ ಲಿನಕ್ಸನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಆನ್ ಮಾಡುವುದು. 'ಟ್ರೈ' ಅಂತ ಕೇಳುವುದನ್ನು ಆರಿಸಿದರೆ ನಿಮ್ಮ ಡಿಸ್ಕ್ ಮುಟ್ಟದೆ ಲಿನಕ್ಸ್ ತೆರೆದುಕೊಳ್ಳುತ್ತದೆ. 'ಇನ್‌ಸ್ಟಾಲ್' ಮಾತ್ರ ಒತ್ತಬೇಡಿ. ಅಲ್ಲಿರುವುದು ಬೇರೆಯೇ ಡ್ರೈವರ್. ಅದರಲ್ಲಿ ಅರ್ಧ ದಿನ ಪಿಂಗ್ ಓಡಿಸಿ. ಅಲ್ಲೂ ಅದೇ ರೀತಿ ಕಡಿದರೆ, ಕೇಬಲ್ ಆಗಲೇ ಬದಲಿಸಿದ್ದರೆ, ಕಾರ್ಡ್ ಅಥವಾ ರೌಟರ್‌ನ ಪೋರ್ಟ್ ಮೇಲೆ ಬೆರಳು ತೋರಿಸಬಹುದು. ಅಲ್ಲಿ ಒಂದೂ ಕಡಿಯದಿದ್ದರೆ ಕಾರ್ಡ್ ಬಹುಮಟ್ಟಿಗೆ ಪಾರಾಯಿತು, ವಿಂಡೋಸ್ ಕಡೆ ನೋಡಬೇಕು. ನೂರಕ್ಕೆ ನೂರು ಪುರಾವೆ ಇದಲ್ಲ, ಲಿನಕ್ಸ್‌ನ ಡ್ರೈವರ್‌ಗೂ ತನ್ನದೇ ಕಿರಿಕಿರಿ ಇರುತ್ತದೆ. ಆದರೂ ಬೋರ್ಡ್ ಬದಲಿಸುವಷ್ಟು ದೊಡ್ಡ ತೀರ್ಮಾನಕ್ಕೆ ಮೊದಲು ಈ ಸಾಕ್ಷಿ ಕೈಯಲ್ಲಿರಬೇಕು. ಎರಡು ಎಚ್ಚರಿಕೆ. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಇನ್ನು ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇದ್ದರೆ, ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡ್‌ನದೇ ಸೆಟ್ಟಿಂಗ್ ಪುಟದಲ್ಲಿ, ಬದಲಾವಣೆ ಮಾಡಿದಾಗ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದನ್ನು ಮೊದಲೇ ಬರೆದಿಟ್ಟುಕೊಳ್ಳದೆ ಬಯೋಸ್ ಒಳಗೆ ಕೈ ಹಾಕಬೇಡಿ.

ಪ್ಲಗ್ ಕಿತ್ತು ಹಾಕಿದ ಮೇಲೂ ಕಾರ್ಡ್ ಲಿನಕ್ಸ್‌ನಲ್ಲಾಗಲಿ ವಿಂಡೋಸ್‌ನಲ್ಲಾಗಲಿ ಕಾಣಿಸದಿದ್ದರೆ, ಒಳ್ಳೆಯ ಕೇಬಲ್ ಚುಚ್ಚಿದರೂ ಪೋರ್ಟಿನ ದೀಪ ಹತ್ತದಿದ್ದರೆ, ಅಥವಾ ಸಿಡಿಲು ಬಡಿದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ಕಾರ್ಡ್ ಹೋಗಿದೆ ಅಂತ ನಾನೂ ಒಪ್ಪುತ್ತೇನೆ. ಆಗಲೂ ಮದರ್‌ಬೋರ್ಡ್ ಬದಲಿಸಬೇಕಿಲ್ಲ. ಕ್ಯಾಬಿನೆಟ್ ಒಳಗೆ ಖಾಲಿ ಇರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಬೇರೆ ಲ್ಯಾನ್ ಕಾರ್ಡ್ ಹಾಕಿಸಿ, ಬೋರ್ಡ್‌ನ ಕಾರ್ಡನ್ನು ಬಯೋಸ್‌ನಲ್ಲಿ ಡಿಸೇಬಲ್ ಮಾಡಿಸಿ. ಅರ್ಧ ಸತ್ತ ಕಾರ್ಡ್ ಎನೇಬಲ್ ಆಗಿಯೇ ಉಳಿದರೆ ಆಗಾಗ ಎದ್ದು ಬಂದು ಹೊಸದರ ಜೊತೆ ವಿಂಡೋಸನ್ನು ಗೊಂದಲ ಮಾಡುತ್ತದೆ. ಸ್ಲಾಟ್ ಇಲ್ಲದಿದ್ದರೆ ಯುಎಸ್‌ಬಿಯಿಂದ ಲ್ಯಾನ್ ಪೋರ್ಟ್ ಕೊಡುವ ಅಡಾಪ್ಟರ್‌ಗಳೂ ಇವೆ. ಒಂದೇ ಕಡೆ ಕೂತು ಕೆಲಸ ಮಾಡುವವರಿಗೆ ವೈಫೈ ಅಡಾಪ್ಟರ್‌ಗಿಂತ ಅದನ್ನೇ ನಾನು ಹೇಳುವುದು.

ಫಾರ್ಮ್ಯಾಟ್? ಲಿನಕ್ಸ್‌ನಲ್ಲಿ ಸರಿ ಇದ್ದು, ವಿಂಡೋಸ್‌ನಲ್ಲಿ ಸರಿಯಾದ ಡ್ರೈವರ್ ಹಾಕಿ, ರೀಸೆಟ್ ಮಾಡಿಯೂ ಕಡಿಯುತ್ತಿದ್ದರೆ ಮಾತ್ರ. ಅದಕ್ಕೂ ಮೊದಲು ಮಾಡಿದರೆ ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ತೊಂದರೆ ಕೇಬಲ್‌ನಲ್ಲೇ ಇದ್ದರೆ ಹೊಸ ವಿಂಡೋಸ್‌ನಲ್ಲೂ ಅದೇ ಐದಾರು ಸೆಕೆಂಡು ನಿಮ್ಮನ್ನು ಕಾಯುತ್ತಿರುತ್ತದೆ.

ರಿಪೇರಿಯವರ ಮೇಲೆ ಬೇಜಾರು ಬೇಡ. ದಿನಕ್ಕೆ ಹತ್ತು ಸಲ, ಐದೈದು ಸೆಕೆಂಡು ಬಂದು ಹೋಗುವ ತೊಂದರೆ ಅವರು ನೋಡುವ ಅರ್ಧ ಗಂಟೆಯಲ್ಲಿ ಬರುವುದೇ ಇಲ್ಲ. ಅದನ್ನು ಹಿಡಿಯಬಲ್ಲವರು ಕಂಪ್ಯೂಟರ್ ಮುಂದೆ ದಿನವಿಡೀ ಕೂರುವ ನೀವೇ. ಒಂದು ಚೀಟಿ ಇಟ್ಟುಕೊಂಡು ಕಡಿದ ಹೊತ್ತು, ಆಗ ಪಿಂಗ್ ಕಿಟಕಿಗಳಲ್ಲಿ ಏನಿತ್ತು, ಲಿಂಕ್ ಸ್ಪೀಡ್ ಎಷ್ಟಿತ್ತು, ಯುಎಸ್‌ಬಿ ಸದ್ದು ಬಂತಾ, ಇಷ್ಟು ಬರೆಯಿರಿ. ಒಂದು ವಾರದ ಚೀಟಿ ನನಗೆ ಕಳಿಸಿ, ಅಥವಾ ಅವರಿಗೇ ತೋರಿಸಿ.

ಬಾಗಿಲ ಕೆಳಗಿನ ಕೇಬಲೇ ಕೆಟ್ಟಿದೆ ಅಂತ ಖಾತ್ರಿಯಾದರೆ ಸುತ್ತಿ ಡ್ರಾಯರ್‌ನಲ್ಲಿ ಇಡಬೇಡಿ. ಕತ್ತರಿ ತೆಗೆದು ನಡುವೆ ತುಂಡು ಮಾಡಿ ಬಿಸಾಡಿ. ಇಲ್ಲದಿದ್ದರೆ ಇನ್ನೆರಡು ವರ್ಷಕ್ಕೆ ಮನೆಯಲ್ಲಿ ಯಾರೋ ಅದನ್ನು ಹುಡುಕಿ ತೆಗೆದು, "ಇಲ್ಲೊಂದು ಒಳ್ಳೆ ಕೇಬಲ್ ಇತ್ತು" ಅಂತ ಚುಚ್ಚಿರುತ್ತಾರೆ.